ಎರಡಿಂಚು ಹೆಚ್ಚಿಗೆ ಬಿಟ್ಟ ಚೆಸ್ ಫಾರಂ

ಆ ಫಾರಂ ಅಜ್ಜಿಯ ಮನೆಗೆ ಬಂದದ್ದು ಒಂದು ಮಂಗಳವಾರ ಸಂಜೆ, ನಾಲ್ಕೂಮುಕ್ಕಾಲಿಗೆ. ಮೊಮ್ಮಗಳ ಶಾಲೆಯ ಚೀಲದೊಳಗೆ, ಗಣಿತದ ಪುಸ್ತಕಕ್ಕೂ ಅರ್ಧ ತಿಂದ ಬಿಸ್ಕತ್ತಿನ ಪೊಟ್ಟಣಕ್ಕೂ ನಡುವೆ ಸಿಕ್ಕಿಹಾಕಿಕೊಂಡು ಬಂತು. ದೊಡ್ಡದೊಂದು ಹಾಳೆಯನ್ನು ನಡುಮಧ್ಯಕ್ಕೆ ಮಡಚಿದ ನಾಲ್ಕು ಪುಟದ ಫಾರಂ. ಮೇಲೆ ಕುದುರೆ ತಲೆಯ ಚಿತ್ರ. ಅದರ ಕೆಳಗೆ ದಪ್ಪಕ್ಷರದಲ್ಲಿ 'ರಾಷ್ಟ್ರೀಯ ಚೆಸ್ ಒಕ್ಕೂಟ, ಕಿರಿಯರ ಸದಸ್ಯತ್ವದ ಅರ್ಜಿ'. ಅಜ್ಜಿ ಅಕ್ಷರಕ್ಕೆ ಅಕ್ಷರ ಕೂಡಿಸಿ ಇಷ್ಟನ್ನು ಓದಿ ಮುಗಿಸುವ ಹೊತ್ತಿಗೆ ಒಲೆಯ ಮೇಲಿಟ್ಟ ಚಹಾ ಉಕ್ಕಿ, ಹರಿದು, ಒಣಗಿ ಕಲೆಯಾಗಿತ್ತು.

"ಅಜ್ಜೀ, ಇದನ್ನ ಶುಕ್ರವಾರದೊಳಗೆ ಕೊಡ್ಬೇಕು. ಭಾನುವಾರ ಪಂದ್ಯ. ಸದಸ್ಯರಾದೋರನ್ನ ಮಾತ್ರ ಆಡೋಕೆ ಬಿಡೋದು. ಅಲ್ಲಿ ಒಂದಾದ್ರೂ ಆಟ ಗೆದ್ರೆ ಮೇಷ್ಟ್ರು ಶಾಲೆಯ ತಂಡಕ್ಕೆ ಸೇರಿಸ್ಕೋತಾರೆ. ಇಲ್ಲಾಂದ್ರೆ ಇಲ್ಲ!"

ಇಷ್ಟನ್ನೂ ಒಂದೇ ಉಸಿರಿನಲ್ಲಿ ಹೇಳಿದವಳು ಸೂಜಿ. ವಯಸ್ಸು ಒಂಬತ್ತು. ಹುಟ್ಟಿದಾಗಲೇ ಸಣಕಲು, ಮಾತು ಬಂದಮೇಲೆ ಚೂಪು. ಹಾಗಾಗಿ ಅಜ್ಜಿ ಇಟ್ಟ ಆ ಹೆಸರು ಅಂಟಿಕೊಂಡುಬಿಟ್ಟಿತು. ಮನೆಯಲ್ಲಿ ಬಟ್ಟೆ ಕತ್ತರಿಸುವ ಮೇಜಿದೆಯಲ್ಲ, ಅದರ ಅಡಿಯೇ ಅವಳ ಅರಮನೆ, ಅಲ್ಲೇ ಅವಳ ಚದುರಂಗದ ರಣರಂಗ! ಬಿಳಿಯ ಆನೆ ಒಂದು ಕಳೆದುಹೋಗಿ ಎರಡು ವರ್ಷವಾಗಿತ್ತು. ಅದರ ಜಾಗದಲ್ಲಿ ಕೋಟಿನ ದೊಡ್ಡ ಗುಂಡಿಯೊಂದು ನಿಷ್ಠೆಯಿಂದ ಕೆಲಸ ಮಾಡುತ್ತಿತ್ತು.

ಸೊಸೆ ಆಸ್ಪತ್ರೆಯಲ್ಲಿ ನರ್ಸು. ಮಗ ರೈಲು ಓಡಿಸುವವನು, ಆ ವಾರ ದೂರದ ಪಾಳಿ. ಸೊಸೆ ಫಾರಂ ನೋಡಿದವಳೇ, "ಅತ್ತೆ, ಅಲ್ಲೇ ಇಟ್ಟಿರಿ. ಗುರುವಾರ ನನಗೆ ರಜೆ, ನಾನೇ ತುಂಬ್ತೀನಿ. ಅದರಲ್ಲಿ ಆಯ್ಕೆಗಳು ತುಂಬ ಇವೆ, ನಿಮಗೆ ಗೊಂದಲ ಆಗುತ್ತೆ," ಎಂದಳು.

ಗೊಂದಲ! ಅಜ್ಜಿಗೆ! ಎರಡನೇ ತರಗತಿ ಮುಗಿಸಿ ಮೂರನೆಯದರ ಬಾಗಿಲು ನೋಡಿಕೊಂಡು ವಾಪಸ್ಸು ಬಂದವಳು ಎಂಬುದೇನೋ ನಿಜ. ಆದರೆ ದರ್ಜಿಯ ಹೆಂಡತಿಯಾಗಿ ಮೂವತ್ತೊಂಬತ್ತು ವರ್ಷ, ಗಂಡ ತೀರಿಕೊಂಡ ಮೇಲೆ ತಾನೇ ದರ್ಜಿಯಾಗಿ ಹನ್ನೊಂದು ವರ್ಷ, ಅಳತೆ ಪುಸ್ತಕ ಬರೆದ ಕೈ ಅದು. ಎದೆ, ಸೊಂಟ, ತೋಳು, ಕಾಲರು ಎಲ್ಲ ಕಾಲಿಂಚಿನ ಲೆಕ್ಕದಲ್ಲಿ.

"ಐವತ್ತು ವರ್ಷ ಊರಿಗೆ ಊರನ್ನೇ ಅಳೆದು ಬರೆದಿದೀನಿ ಕಣೇ! ಒಬ್ಬರ ಪ್ಯಾಂಟು ಇನ್ನೊಬ್ಬರಿಗೆ ಕೊಟ್ಟಿದೀನಾ? ಇಂಥ ಒಂದು ಕಾಗದಕ್ಕೆ ಹೆದರ್ತೀನಾ ನಾನು?"

"ಹೆದರ್ಬೇಡಿ ಅತ್ತೆ. ಮುಟ್ಟಲೂಬೇಡಿ," ಎಂದು ಸೊಸೆ ಫಾರಮನ್ನು ಬೀರುವಿನ ಮೇಲಿಟ್ಟಳು.

ಬುಧವಾರ ಆಸ್ಪತ್ರೆಯ ಇನ್ನೊಬ್ಬ ನರ್ಸು ತಾನೇ ಜ್ವರ ಹಿಡಿದು ಮಲಗಿದಳು. ಗುರುವಾರದ ರಜೆ ಹಾರಿಹೋಯಿತು. ಶುಕ್ರವಾರ ಬೆಳಿಗ್ಗೆ ಸೊಸೆ ಚಪ್ಪಲಿ ಹಾಕಿಕೊಳ್ಳುತ್ತಲೇ ಹೇಳಿದಳು: "ಅತ್ತೆ, ಶಾಲೆಯ ಮೇಷ್ಟ್ರ ಹತ್ರ ಹೋಗಿ ತುಂಬಿಸ್ಕೊಂಡು ಬಿಡಿ. ದಯವಿಟ್ಟು."

"ಆಯ್ತು ಬಿಡು," ಎಂದಳು ಅಜ್ಜಿ. ಆ 'ಆಯ್ತು ಬಿಡು' ಎಂಥದ್ದು ಎಂದು ಅತ್ತೆಯರ ಜೊತೆ ಬಾಳುವೆ ಮಾಡಿದವರಿಗೆಲ್ಲ ಗೊತ್ತು.

ಮನೆ ಖಾಲಿಯಾಯಿತು. ಅಜ್ಜಿ ಕತ್ತರಿಸುವ ಮೇಜನ್ನು ಒರೆಸಿ, ಫಾರಮನ್ನು ಬಟ್ಟೆಯ ಹಾಗೆ ಹರಡಿ, ನಾಲ್ಕು ಮೂಲೆಗೂ ಕಬ್ಬಿಣದ ತೂಕ ಇಟ್ಟಳು. ಕನ್ನಡಕ ಏರಿಸಿದಳು. ಯುದ್ಧ ಶುರು!

ಫಾರಂ ಕೇಳಿತು: ಹೆಸರು? ಅಜ್ಜಿ ಬರೆದಳು. ಹುಟ್ಟಿದ ದಿನ? ಬರೆದಳು. ಹುಟ್ಟಿದ ಹೊತ್ತು ಮಧ್ಯಾಹ್ನ ಎರಡೂ ಹತ್ತು ಎಂಬುದನ್ನೂ ಬರೆದಳು. ಕೇಳದಿದ್ದರೇನು, ಗೊತ್ತಿದ್ದಮೇಲೆ ಮುಚ್ಚಿಡುವುದೇಕೆ? ಆಮೇಲೆ ಫಾರಂ ತನ್ನ ದೊಡ್ಡ ಪ್ರಶ್ನೆ ಎತ್ತಿತು: 'ಬೇಕಾದ ವಿಭಾಗಕ್ಕೆ ಗುರುತು ಹಾಕಿ.' ಕೆಳಗೆ ಐದು ಚೌಕ. ಎಂಟು ವರ್ಷದೊಳಗೆ. ಹತ್ತು ವರ್ಷದೊಳಗೆ. ಹನ್ನೆರಡರೊಳಗೆ. ಹದಿನಾರರೊಳಗೆ. ಇಪ್ಪತ್ತರೊಳಗೆ. ಶುಲ್ಕ ಎಲ್ಲಕ್ಕೂ ಒಂದೇ.

ಇಲ್ಲಿ ಅಜ್ಜಿಯ ಒಂದು ಗುಣ ಹೇಳಲೇಬೇಕು. ಮಕ್ಕಳ ಬಟ್ಟೆ ಹೊಲಿಯುವಾಗ ಅವಳು ಎಂದೂ ಮಗುವಿನ ಅಳತೆಗೆ ಹೊಲಿದವಳಲ್ಲ. ಮಗು ಏನಾಗಲಿದೆಯೋ ಆ ಅಳತೆಗೆ! "ಬೆಳೆಯೋ ಮಗು, ಎರಡಿಂಚು ಹೆಚ್ಚಿಗೆ ಬಿಟ್ಟಿರ್ತೀನಿ," ಎಂದು ಅವಳು ಹೇಳದ ತಾಯಿ ಆ ಬೀದಿಯಲ್ಲಿಲ್ಲ. ಇದರ ಪೂರ್ಣ ಫಲ ಉಂಡವಳು ಸೂಜಿ. ಆ ಹುಡುಗಿ ತನ್ನ ಫ್ರಾಕನ್ನು ತೊಟ್ಟಿದ್ದಾಳೆ ಎನ್ನುವುದಕ್ಕಿಂತ ಅದರೊಳಗೆ ಎಲ್ಲೋ ಇದ್ದಾಳೆ ಎನ್ನುವುದು ಸರಿ. ಅಂಚು ಎರಡು ಮಡಿಕೆ, ತೋಳು ಬೆರಳ ತುದಿಯವರೆಗೆ. ಹೋದ ತಿಂಗಳು ಶಾಲೆಯ ಆಟದಲ್ಲಿ ಆ ತೋಳೇ ತಾಗಿ ಮಂತ್ರಿ ಉರುಳಿತಂತೆ. ಮುಟ್ಟಿದ ಕಾಯಿಯನ್ನೇ ನಡೆಸಬೇಕೆಂದು ಎದುರಾಳಿ ಹಟ ಹಿಡಿದು, ಗೆಲ್ಲುವ ಆಟ ಸೋತುಹೋಯಿತಂತೆ. "ತೋಳು ಚಿಕ್ಕದು ಮಾಡಿಕೊಡು ಅಜ್ಜೀ," ಎಂದು ಸೂಜಿ ಅತ್ತಿದ್ದಳು. "ಆರು ತಿಂಗಳು ತಡಿ, ತೋಳು ಅಷ್ಟೇ ಇರುತ್ತೆ, ನೀನೇ ದೊಡ್ಡದಾಗ್ತೀಯ," ಎಂದು ಅಜ್ಜಿ ಸಮಾಧಾನ ಮಾಡಿದ್ದಳು.

ಅಂಥವಳ ಮುಂದೆ ಐದು ಚೌಕ! ಎಂಟಂತೂ ದಾಟಿದೆ. ಹತ್ತಕ್ಕೆ ಹಾಕಿದರೆ ಬರುವ ವರ್ಷವೇ ಬಿಗಿ. ಹನ್ನೆರಡು ಎಂದರೆ ಮೂರೇ ವರ್ಷ, ಹೊಲಿಗೆ ಬಿಟ್ಟುಕೊಳ್ಳುತ್ತದೆ. ಇಪ್ಪತ್ತಾದರೆ? ಹನ್ನೊಂದು ವರ್ಷ ನಿಶ್ಚಿಂತೆ! ಬೆಲೆಯೂ ಒಂದೇ. ಇಷ್ಟು ಸರಳ ಲೆಕ್ಕಕ್ಕೆ ಗೊಂದಲವಂತೆ! ಅಜ್ಜಿ ನೀಲಿ ಪೆನ್ನಿನಿಂದ 'ಇಪ್ಪತ್ತರೊಳಗೆ' ಎಂಬ ಚೌಕದಲ್ಲಿ ಒಂದು ಗುರುತು ಹಾಕಿದಳು. ನೋಡಿದರೆ ಕಣ್ಣಿಗೆ ತಂಪಾಗಬೇಕು, ಅಂಥ ಗುರುತು.

ಆಮೇಲೆ ಫಾರಂ ಹೇಳಿತು: 'ಭಾವಚಿತ್ರವನ್ನು ಭದ್ರವಾಗಿ ಲಗತ್ತಿಸಿ.' ಮನೆಯ ಗೋಂದಿನ ಶೀಶೆ ಯಾವ ಕಾಲದಲ್ಲೋ ಕಲ್ಲಾಗಿತ್ತು. ಇದ್ದಿದ್ದರೂ ಗೋಂದು ಭದ್ರವೇ? ಭದ್ರ ಎಂದರೆ ಹೊಲಿಗೆ! ಮಷಿನ್ನಿಗೆ ಸಣ್ಣ ಸೂಜಿ ಹಾಕಿ, ಕೆಂಪು ದಾರ ಪೋಣಿಸಿ, ಮೊಮ್ಮಗಳ ಫೋಟೋವನ್ನು ಮೇಲಿನ ಪುಟಕ್ಕೆ ಸುತ್ತ ನಾಲ್ಕೂ ಕಡೆ ಟಕಟಕ ಹೊಲಿದಳು. ಹೊಲಿದಾದ ಮೇಲೆ ನೋಡುತ್ತಾಳೆ, ಫಾರಮಿನ ಒಂದು ಪಕ್ಕ ಮಡಿಕೆ, ಉಳಿದ ಮೂರು ಪಕ್ಕ ಬಾಯಿ ಬಿಟ್ಟುಕೊಂಡಿವೆ. ಅಂಚು ಬಿಚ್ಚಿಟ್ಟು ಕೆಲಸ ಕೊಡುವುದೇ? ಸತ್ತ ಗಂಡ ಏನೆಂದಾನು! ಆ ಮೂರೂ ಪಕ್ಕಕ್ಕೆ ಕಾಲಿಂಚು ಬಿಟ್ಟು ಒಂದು ಹೊಲಿಗೆ ಎಳೆದೇಬಿಟ್ಟಳು.

ಒಳಗೆ ಇನ್ನೆರಡು ಪುಟ ಇದ್ದವಲ್ಲ ಎಂದರೆ, ಇದ್ದವು. ಅಜ್ಜಿ ಇಣುಕಿಯೂ ನೋಡಿದ್ದಳು. ಇರುವೆ ಸಾಲಿನಂಥ ಸಣ್ಣಕ್ಷರ. ಅದು ಅಸ್ತರು ಎಂದುಕೊಂಡಳು. ಕೋಟಿನ ಒಳಗಿನ ಅಸ್ತರನ್ನು ಯಾರು ನೋಡುತ್ತಾರೆ? ಹಿಂಬದಿಯ ಪುಟವನ್ನು ಮೇಷ್ಟರು ಮೊದಲೇ ತುಂಬಿ ಶಾಲೆಯ ಮೊಹರು ಒತ್ತಿದ್ದರು. ಕೆಲಸ ಮುಗಿದಂತೆಯೇ!

ಒಕ್ಕೂಟದ ಆಫೀಸು ಕನ್ನಡಕದ ಅಂಗಡಿಯ ಮೇಲೆ, ಮೂವತ್ತೊಂದು ಮೆಟ್ಟಿಲು. ಅಜ್ಜಿ ಏದುಸಿರು ಬಿಡುತ್ತ ಹತ್ತಿದಾಗ ಗಂಟೆ ಐದಕ್ಕೆ ಐದು ನಿಮಿಷ ಇತ್ತು. ಗುಮಾಸ್ತ ಎರಡು ಫಾರಂ ರಾಶಿಗಳ ನಡುವೆ ಕುತ್ತಿಗೆಯವರೆಗೆ ಮುಳುಗಿ ಕೂತಿದ್ದ.

"ಇದೇನಮ್ಮಾ, ಫೋಟೋ ಹೊಲಿದುಬಿಟ್ಟಿದೀರಾ?"

"ಭದ್ರವಾಗಿ ಅಂತ ನೀವೇ ಬರೆದಿದೀರಲ್ಲಪ್ಪಾ. ಎಳೆದು ನೋಡು."

ಅವನು ಎಳೆದು ನೋಡಿದ. ಫೋಟೋ ಜಪ್ಪಯ್ಯ ಎನ್ನಲಿಲ್ಲ. "ಭದ್ರವೇ ಇದೆ," ಎಂದು ಒಪ್ಪಿಕೊಂಡ. ಆಮೇಲೆ ಗುರುತು ನೋಡಿ, "ಇಪ್ಪತ್ತರೊಳಗೆ ಅಂತ ಹಾಕಿದೀರಿ. ಮೊಮ್ಮಗಳು ಇಪ್ಪತ್ತರೊಳಗೇನಾ?" ಎಂದ.

"ಒಳಗೇ ಕಣಪ್ಪಾ. ಎಷ್ಟೋ ಒಳಗೆ!"

ಅವನು ಗಡಿಯಾರ ನೋಡಿದ, ಮೊಹರು ಎತ್ತಿದ, ಢಬ್ ಎಂದು ಗುದ್ದಿದ. ಅಜ್ಜಿ ಗೆದ್ದ ಸೇನಾಪತಿಯ ಹಾಗೆ ಮೂವತ್ತೊಂದು ಮೆಟ್ಟಿಲು ಇಳಿದಳು. ರಾತ್ರಿಯೂಟಕ್ಕೆ ಕೂತಾಗ ಸೊಸೆ, "ಮೇಷ್ಟ್ರು ಸಿಕ್ಕಿದ್ರಾ?" ಎಂದು ಕೇಳಿದ್ದಕ್ಕೆ, "ಎಲ್ಲ ಭದ್ರವಾಗಿದೆ," ಎಂದಷ್ಟೇ ಉತ್ತರ ಕೊಟ್ಟಳು. ಸುಳ್ಳೇನೂ ಅಲ್ಲ!

ಭಾನುವಾರ ಬೆಳಿಗ್ಗೆ ಅಜ್ಜಿ, ಮೊಮ್ಮಗಳು ಬಸ್ಸು ಹಿಡಿದು ಪಂದ್ಯದ ಜಾಗಕ್ಕೆ ಬಂದರು. ಸೊಸೆ ಪಾಳಿ ಮುಗಿಸಿ ಆಸ್ಪತ್ರೆಯಿಂದ ನೇರ ಬರುವವಳಿದ್ದಳು. ಉದ್ದನೆಯ ಪಡಸಾಲೆ, ಎಡಗಡೆ ಹತ್ತರೊಳಗಿನವರ ಕೋಣೆ, ಬಲಗಡೆ ಇಪ್ಪತ್ತರೊಳಗಿನವರ ಕೋಣೆ. ಸೂಜಿ ಎಡಗಡೆಯ ಬಾಗಿಲಿಗೆ ಓಡಿ ಅಲ್ಲಿ ಅಂಟಿಸಿದ್ದ ಪಟ್ಟಿಯ ಮೇಲೆ ಬೆರಳಾಡಿಸಿದಳು. ಇಪ್ಪತ್ತಮೂರು ಹೆಸರು. ಮೇಲಿಂದ ಕೆಳಕ್ಕೆ ಒಂದು ಸಲ, ಕೆಳಗಿಂದ ಮೇಲಕ್ಕೆ ಒಂದು ಸಲ.

"ಅಜ್ಜೀ, ನನ್ನ ಹೆಸರೇ ಇಲ್ಲ!"

"ಸರಿಯಾಗಿ ನೋಡೇ."

"ಇಲ್ಲ ಅಜ್ಜೀ!"

ಇತ್ತು. ಬಲಗಡೆಯ ಪಟ್ಟಿಯಲ್ಲಿ ಕಟ್ಟಕಡೆಗೆ ಇತ್ತು. ಹದಿನಾಲ್ಕನೇ ಮೇಜು. ಎದುರಾಳಿ ಆಗಲೇ ಬಂದು ಕೂತಿದ್ದ. ಹತ್ತೊಂಬತ್ತರ ಯುವಕ, ತುಂಬು ಮೀಸೆ. ಅಜ್ಜಿಯ ಕಣ್ಣು ಅವನನ್ನು ಅಳೆದೇಬಿಟ್ಟಿತು: ಕಾಲರು ಹದಿನಾರೂವರೆ, ತೋಳು ಇಪ್ಪತ್ತೈದು. ಇವನು ಕಿರಿಯನೇ! ಇವನ ಶರ್ಟಿನ ಬಟ್ಟೆಯಲ್ಲಿ ಸೂಜಿಗೆ ಎರಡು ಫ್ರಾಕು ಹೊಲಿದು ಒಂದು ಟೋಪಿಯನ್ನೂ ಹೊಲಿಯಬಹುದು!

"ಅಜ್ಜೀ," ಸೂಜಿಯ ದನಿ ಸಣ್ಣಗಾಗಿತ್ತು, "ನೀನು ಯಾವ ಚೌಕಕ್ಕೆ ಗುರುತು ಹಾಕ್ದೆ?"

"ದೊಡ್ಡದಕ್ಕೆ."

"ಯಾಕೆ?"

"ಬೆಳೆಯೋ ಮಗು ಅಲ್ವೇನೇ ನೀನು..."

ಸೂಜಿ ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು. ಪಡಸಾಲೆಯ ಮೆಟ್ಟಿಲ ಮೇಲೆ ಕೂತು, ಆ ಉದ್ದ ತೋಳಿನೊಳಗೆ ಮುಖ ಹುದುಗಿಸಿಕೊಂಡಳು. ಒಳಗಿನಿಂದ ಮಾತು ಬಂತು: "ಅಲ್ಲಿ ಆಡಿದ್ರೆ ಎಲ್ಲ ಆಟಾನೂ ಸೋಲ್ತೀನಿ. ಒಂದೂ ಗೆಲ್ಲಲ್ಲ. ತಂಡಾನೂ ಇಲ್ಲ, ಏನೂ ಇಲ್ಲ."

ಐವತ್ತು ವರ್ಷದಲ್ಲಿ ಅಜ್ಜಿ ಒಬ್ಬರ ಪ್ಯಾಂಟು ಇನ್ನೊಬ್ಬರಿಗೆ ಕೊಟ್ಟವಳಲ್ಲ, ಇವತ್ತು ಕೊಟ್ಟುಬಿಟ್ಟಿದ್ದಳು. ಅದೂ ಸ್ವಂತ ಮೊಮ್ಮಗಳಿಗೆ!

ಪಡಸಾಲೆಯ ಕೊನೆಯಲ್ಲಿ ಮುಖ್ಯ ತೀರ್ಪುಗಾರ್ತಿ ಕೂತಿದ್ದರು. ಕನ್ನಡಕಕ್ಕೆ ಸರಪಳಿ, ಮಾತಿಗೆ ಬೀಗ. ಅಜ್ಜಿಯ ಗೋಳನ್ನೆಲ್ಲ ಕೇಳಿ ಒಂದೇ ಮಾತು ಹೇಳಿದರು: "ಒಮ್ಮೆ ನೋಂದಾಯಿಸಿದ ವಿಭಾಗವನ್ನ ಒಂದು ವರ್ಷ ಬದಲಾಯಿಸೋ ಹಾಗಿಲ್ಲಮ್ಮ. ಫಾರಮಿನ ಒಳಪುಟದಲ್ಲೇ ಇದೆ. ಓದಿಲ್ವಾ?"

"ಒಳಪುಟ... ಅಸ್ತರು ಅಂದ್ಕೊಂಡೆ."

"ಏನಂದ್ಕೊಂಡ್ರಿ?"

"ತಪ್ಪಾಯ್ತು ತಾಯೀ. ಮಗು ಒಂಬತ್ತು ವರ್ಷದ್ದು. ಬೇಕಾದ್ರೆ ನನ್ನನ್ನ ಆ ಮೀಸೆಯವನ ಮುಂದೆ ಕೂರಿಸಿ, ಅವಳನ್ನ ಈ ಕಡೆ ಬಿಡಿ."

ಅಷ್ಟರಲ್ಲಿ ಸೊಸೆ ಬಂದಳು. ನರ್ಸಿನ ಬಿಳಿಯ ಉಡುಪು, ನಿದ್ದೆಗೆಟ್ಟ ಕಣ್ಣು. ಮೆಟ್ಟಿಲ ಮೇಲೆ ಮಗಳನ್ನು ನೋಡಿ ಅರ್ಧ, ಅತ್ತೆಯ ಮುಖ ನೋಡಿ ಉಳಿದರ್ಧ ಅರ್ಥ ಮಾಡಿಕೊಂಡಳು.

"ಅತ್ತೆ. ಮೇಷ್ಟ್ರು ಸಿಕ್ಕಿರ್ಲಿಲ್ಲ, ಅಲ್ವಾ?"

"ಹುಡುಕಿದ್ರೆ ತಾನೇ ಸಿಗೋದು," ಎಂದಳು ಅಜ್ಜಿ ಪಾತಾಳದಿಂದ.

ನಿಯಮ ತೋರಿಸಿಯೇ ಬಿಡೋಣವೆಂದು ತೀರ್ಪುಗಾರ್ತಿ ಕಡತದಿಂದ ಸೂಜಿಯ ಫಾರಂ ತೆಗೆದರು. ತೆರೆಯಲು ಹೋದರು. ಬರಲಿಲ್ಲ. ಉಗುರು ಹಾಕಿದರು. ಬರಲಿಲ್ಲ. ಕನ್ನಡಕ ಏರಿಸಿ ಅಂಚನ್ನು ಕಣ್ಣಿಗೆ ಹತ್ತಿರ ತಂದುಕೊಂಡರು.

"ಇದನ್ನ... ಹೊಲಿದಿದೆ!"

"ಅತ್ತೆ!" ಎಂದಳು ಸೊಸೆ. ಆ ಒಂದು ಪದದಲ್ಲಿ ಹನ್ನೆರಡು ವರ್ಷದ ಸಂಸಾರವೆಲ್ಲ ಇತ್ತು.

"ಇಪ್ಪತ್ತಾರು ವರ್ಷದಿಂದ ಈ ಕೆಲಸದಲ್ಲಿದೀನಿ," ಎಂದರು ತೀರ್ಪುಗಾರ್ತಿ. "ಹರಿದ ಫಾರಂ ನೋಡಿದೀನಿ, ನೆನೆದ ಫಾರಂ ನೋಡಿದೀನಿ, ನಾಯಿ ಕಚ್ಚಿದ ಫಾರಮನ್ನೂ ನೋಡಿದೀನಿ. ಹೊಲಿದ ಫಾರಂ ಇದೇ ಮೊದಲು!" ಎಂದವರೇ ಕಾಗದ ಕತ್ತರಿಸುವ ಚಾಕು ಎತ್ತಿಕೊಂಡರು.

"ಮುಟ್ಟಬೇಡಿ!" ಅಜ್ಜಿ ಕೂಗಿದ ರಭಸಕ್ಕೆ ಎರಡೂ ಕೋಣೆಗಳಲ್ಲಿ ತಲೆಗಳು ತಿರುಗಿದವು. "ಕಾಗದ ಹರಿಯುತ್ತೆ. ಹೊಲಿದವಳು ನಾನು, ನಾನೇ ಬಿಚ್ತೀನಿ."

ಕೈಚೀಲದಿಂದ ದಾರ ಕತ್ತರಿಸುವ ಪುಟ್ಟ ಕತ್ತರಿ ಹೊರಬಂತು. ಮೊದಲ ಸುತ್ತು ಶುರುವಾಗಲು ಇನ್ನು ಒಂಬತ್ತೇ ನಿಮಿಷ. ಅಜ್ಜಿ ಮೂರು ಹೊಲಿಗೆಗೊಂದರಂತೆ ಕತ್ತರಿಸುತ್ತ ಹೋದಳು. ಆಮೇಲೆ ಹಿಂದಿನಿಂದ ದಾರದ ತುದಿ ಹಿಡಿದು ಸರಕ್ಕನೆ ಎಳೆದಳು. ಮೂರೂ ಪಕ್ಕ ಬಿಚ್ಚಿಕೊಂಡವು. ಕಾಗದಕ್ಕೆ ಒಂದು ಗೀರಿಲ್ಲ! ತೀರ್ಪುಗಾರ್ತಿಯ ಮುಖದಲ್ಲಿ ಮೆಚ್ಚುಗೆ ಬಂದು, ತಾನು ಯಾರೆಂದು ನೆನಪಾಗಿ, ಹೊರಟುಹೋಯಿತು.

ಒಳಗಿನ ಎರಡು ಪುಟ ತೆರೆದವು. ಒಂದು ಪುಟ ನಿಯಮ, ಇನ್ನೊಂದು ಪುಟ ಪೋಷಕರು ಉತ್ತರಿಸಬೇಕಾದ ಪ್ರಶ್ನೆಗಳು. ಉತ್ತರದ ಜಾಗವೆಲ್ಲ ಈಗಷ್ಟೇ ಒಗೆದು ಹರವಿದ ಬಟ್ಟೆಯ ಹಾಗೆ ಬೆಳ್ಳಗೆ, ಖಾಲಿ.

"ಇದನ್ನ ತುಂಬೇ ಇಲ್ಲ!" ಎಂದರು ತೀರ್ಪುಗಾರ್ತಿ. "ಒಳಪುಟ ತುಂಬದ ಅರ್ಜಿ ಅರ್ಜಿಯೇ ಅಲ್ಲ. ಈ ಮಗು ಸದಸ್ಯೆಯೇ ಆಗಿಲ್ಲ."

ಇಷ್ಟು ಹೊತ್ತು ಮೀಸೆಯವನಾದರೂ ಇದ್ದ. ಈಗ ಅವನೂ ಇಲ್ಲ!

ಆದರೆ ಸೊಸೆ ಆಗಲೇ ಆ ಇರುವೆ ಸಾಲುಗಳ ಮೇಲೆ ಬಗ್ಗಿದ್ದಳು. ದಿನವಿಡೀ ಔಷಧಿ ಶೀಶೆಗಳ ಮೇಲಿನ ಅಕ್ಷರ ಓದುವ ಕಣ್ಣು ಅದು. "ತಡೀರಿ ಮೇಡಂ. ಒಂಬತ್ತನೇ ನಿಯಮ. 'ಕಡೆಯ ದಿನದೊಳಗೆ ಬಂದ ಅರ್ಜಿಯಲ್ಲಿ ಕೊರತೆ ಇದ್ದರೆ ಮೊದಲ ಸುತ್ತಿಗೆ ಮುಂಚೆ ಸರಿಪಡಿಸಿಕೊಳ್ಳಬಹುದು.' ಅರ್ಜಿ ಶುಕ್ರವಾರವೇ ಬಂದಿದೆ, ಮೊಹರಿದೆ. ನೋಂದಣಿ ಆಗಿಲ್ಲ ಅಂತ ನೀವೇ ಹೇಳ್ತಿದೀರಿ. ಅಂದ್ಮೇಲೆ ವಿಭಾಗ ಬದಲಾಯಿಸೋ ಮಾತೇ ಇಲ್ಲ. ನಾವಿನ್ನೂ ಯಾವ ವಿಭಾಗವನ್ನೂ ಆರಿಸ್ಕೊಂಡೇ ಇಲ್ವಲ್ಲ!"

ತೀರ್ಪುಗಾರ್ತಿ ಒಂಬತ್ತನೇ ನಿಯಮ ಓದಿದರು. ಇನ್ನೊಮ್ಮೆ ಓದಿದರು. ಎಡಗಡೆಯ ಪಟ್ಟಿ ನೋಡಿದರು. ಇಪ್ಪತ್ತಮೂರು ಮಕ್ಕಳು, ಒಂದು ಮಗುವಿಗೆ ಜೋಡಿ ಇಲ್ಲ. ಸರಪಳಿಯ ಕನ್ನಡಕ ಕೆಳಗಿಳಿಯಿತು.

"ಹಳೇ ಗುರುತು ಹೊಡೆದುಹಾಕಿ, ಹತ್ತರೊಳಗೆ ಅಂತ ಹೊಸದು ಹಾಕಿ, ಪಕ್ಕದಲ್ಲಿ ಸಹಿ ಮಾಡಿ. ಮಗು ಹೋಗಿ ಕೂರಲಿ. ಒಳಪುಟವನ್ನ ಅವಳ ಆಟ ಮುಗಿಯೋದರೊಳಗೆ ತುಂಬಿಕೊಡಿ, ನಾನು ಕಾಯ್ತೀನಿ. ಇನ್ನು ಹೊಲಿಯೋದು ಮಾತ್ರ ಬೇಡ!"

ಅಬ್ಬಾ! ಅಜ್ಜಿಯ ಎದೆಯ ಮೇಲಿಂದ ಮಷಿನ್ನು, ಮೇಜು, ಇಸ್ತ್ರಿಪೆಟ್ಟಿಗೆ ಮೂರನ್ನೂ ಒಟ್ಟಿಗೆ ಇಳಿಸಿದಂತಾಯಿತು. ಸೂಜಿ ಮೆಟ್ಟಿಲಿಂದ ಎದ್ದವಳೇ ಓಡಹೊರಟಳು. ಅಜ್ಜಿ ಅವಳ ತೋಳು ಹಿಡಿದು ನಿಲ್ಲಿಸಿ, ಸೆರಗಿಗೆ ಚುಚ್ಚಿಕೊಂಡಿದ್ದ ನಾಲ್ಕು ಪಿನ್ನು ತೆಗೆದು, ಎರಡೂ ತೋಳನ್ನು ಮಣಿಕಟ್ಟಿನ ಮೂಳೆಗೆ ಸರಿಯಾಗಿ ಮಡಚಿ ಚುಚ್ಚಿದಳು.

"ಎರಡಿಂಚು ಬಿಡಲ್ವಾ ಅಜ್ಜೀ?"

"ಒಂದು ನೂಲೂ ಬಿಡಲ್ಲ. ಹೋಗು!"

ಬಲಗಡೆಯ ಕೋಣೆಯಿಂದ ಮೀಸೆಯವನು ಹೊರಗೆ ಬಂದು ಮೆಲ್ಲಗೆ ಕೇಳಿದ: "ಆ ಪುಟ್ಟ ಹುಡುಗಿ ನನ್ನ ಜೊತೆ ಆಡಲ್ವಂತಾ?" ಇಲ್ಲ ಎಂದಾಗ ಅವನೂ ಬೆವರು ಒರೆಸಿಕೊಂಡ. "ಒಳ್ಳೇದಾಯ್ತು ಬಿಡಿ ಅಜ್ಜಿ. ಗೆದ್ರೆ ಮಗುವನ್ನ ಗೆದ್ದ ಅಂತಿದ್ರು. ಸೋತಿದ್ರೆ ನಾನು ಊರು ಬಿಡಬೇಕಿತ್ತು!"

ಪಡಸಾಲೆಯ ಬೆಂಚಿನ ಮೇಲೆ ಅತ್ತೆ, ಸೊಸೆ ಕೂತರು. ಸೊಸೆ ಪೆನ್ನಿಗೆ ಕೈ ಚಾಚಿದಳು. ಅಜ್ಜಿ ಕೊಡಲಿಲ್ಲ.

"ನಾನೇ ಬರೀತೀನಿ. ನೀನು ಪಕ್ಕದಲ್ಲಿ ಕೂತು ನೋಡು. ತಪ್ಪಿದ್ರೆ ಹೇಳು."

"ಹೇಳಿದ್ರೆ ಕೇಳ್ತೀರಾ?"

"ಇವತ್ತೊಂದಿನ ಕೇಳ್ತೀನಿ."

ಸೊಸೆಗೆ ನಗು ತಡೆಯಲಾಗಲಿಲ್ಲ. ಫಾರಂ ಒಂದೊಂದಾಗಿ ಕೇಳುತ್ತ ಹೋಯಿತು. ಮಗುವಿಗೆ ಕನ್ನಡಕ ಇದೆಯೇ? ಕರೆದುಕೊಂಡು ಬರುವವರು ಯಾರು? ತುರ್ತಿಗೆ ಯಾರಿಗೆ ಫೋನು ಮಾಡಬೇಕು? ಅಜ್ಜಿ ಪ್ರತಿ ಪ್ರಶ್ನೆಯನ್ನೂ ಬೆರಳಿಟ್ಟು ಓದಿದಳು, ಸೊಸೆಯ ಮುಖ ನೋಡಿದಳು, ಅವಳು ತಲೆಯಾಡಿಸಿದ ಮೇಲೆಯೇ ಬರೆದಳು. ಹದಿನೈದು ಪ್ರಶ್ನೆಗೆ ಮುಕ್ಕಾಲು ಗಂಟೆ ಹಿಡಿಯಿತು. ಒಂದು ಅಕ್ಷರವೂ ಗೆರೆ ದಾಟಲಿಲ್ಲ.

ಆಗ ಎಡಗಡೆಯ ಬಾಗಿಲು ದಡಾರನೆ ತೆರೆಯಿತು. ಪಿನ್ನು ಚುಚ್ಚಿದ ಎರಡು ತೋಳು ಮೇಲೆ, ಅವುಗಳ ನಡುವೆ ಸೂಜಿ!

"ಗೆದ್ದೆ! ಅಜ್ಜೀ, ಅಮ್ಮಾ, ಗೆದ್ದೆ! ಆನೆಯಿಂದ ಕಟ್ಟಿಹಾಕ್ದೆ! ಇಲ್ಲಿ ಆನೆ ನಿಜವಾದ ಆನೆ ಥರಾನೇ ಇದೆ, ಗುಂಡಿ ಅಲ್ಲ!"

ಸೊಸೆ ಮಗಳನ್ನು ಎತ್ತಿಕೊಂಡಳು. ಅಜ್ಜಿ ಕಣ್ಣೊರೆಸಿಕೊಳ್ಳಲು ಕನ್ನಡಕ ತೆಗೆದಳು, ಒರೆಸಿದಳು, ಮತ್ತೆ ಹಾಕಿಕೊಂಡಳು. ತೀರ್ಪುಗಾರ್ತಿ ದೂರದಿಂದಲೇ ಕೈ ಚಾಚಿ, "ಆಯ್ತೇನಮ್ಮಾ ಫಾರಂ?" ಎಂದರು.

"ಇನ್ನೊಂದೇ ಒಂದು ಪ್ರಶ್ನೆ ತಾಯೀ," ಎಂದಳು ಅಜ್ಜಿ.

ಸೊಸೆ ಬಗ್ಗಿ ಆ ಪ್ರಶ್ನೆ ಓದಿದಳು. ಸೂಜಿಯೂ ಬಗ್ಗಿ ಓದಿದಳು. ಇಬ್ಬರೂ ಅಜ್ಜಿಯ ಮುಖವನ್ನೇ ನೋಡತೊಡಗಿದರು. ಅಜ್ಜಿ ಬೆರಳಿಟ್ಟು ಅಕ್ಷರಕ್ಕೆ ಅಕ್ಷರ ಕೂಡಿಸಿದಳು. ಉತ್ತರಕ್ಕೆಂದು ಬಿಟ್ಟಿದ್ದ ಚೌಕಗಳು ಎರಡೇ, ಹೌದು ಎಂಬುದಕ್ಕೊಂದು, ಇಲ್ಲ ಎಂಬುದಕ್ಕೊಂದು. ಒಂದೊಂದೂ ಶರ್ಟಿನ ಗುಂಡಿಯಷ್ಟು. ಸುತ್ತ ಕಾಲಿಂಚೂ ಹೆಚ್ಚಿಗೆ ಬಿಟ್ಟಿರಲಿಲ್ಲ. ಅವುಗಳ ಮೇಲೆ ಫಾರಂ ತನ್ನ ಕಡೆಯ ಮಾತು ಕೇಳಿತ್ತು:

'ಒಳಪುಟಗಳನ್ನು ಪೂರ್ತಿಯಾಗಿ ಓದಿ, ತಿಳಿಯದ್ದನ್ನು ತಿಳಿದವರಿಂದ ಕೇಳಿಕೊಂಡ ಮೇಲೆಯೇ ಮೊದಲ ಪುಟದಲ್ಲಿ ಗುರುತು ಹಾಕಿದ್ದೀರಾ?'